ಹೊನ್ನಿಯ ಹಾಲುಹಲ್ಲು

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಯ ಮುಖವನ್ನು ಆಮೇಲೆ ನೋಡುತ್ತಾರೆ. ಮೊದಲು ಅವಳ ತಮ್ಮನನ್ನೋ ತಂಗಿಯನ್ನೋ ಹತ್ತಿರ ಕರೆದು ಬಾಯಿ ತೆರೆಸುತ್ತಾರೆ. ಹಾಲುಹಲ್ಲು ಬೇಗ ಉದುರುವ ಮನೆತನವೋ, ತಡವಾಗಿ ಉದುರುವ ಮನೆತನವೋ ತಿಳಿಯಬೇಕಲ್ಲ. ಕಿರಿಯ ಕೂಸಿನ ಹಾಲುಹಲ್ಲು ಅಷ್ಟೂ ಬಾಯಲ್ಲಿರುವವರೆಗೆ ಅದರ ತಾಯಿಗೆ ಬಸಿರು ನಿಲ್ಲುವುದಿಲ್ಲ. ಒಂದು ಬಿತ್ತು ಅಂದರೆ ಮುಂದಿನದಕ್ಕೆ ದಾರಿಯಾಯಿತು. ಅದಕ್ಕೇ ಮಕ್ಕಳು ಬೇಕೆನ್ನುವ ಮನೆಗಳಲ್ಲಿ ಇನ್ನೂ ಮಾತು ತೊದಲುವ ಕೂಸಿನ ಹಲ್ಲಿಗೆ ದಾರ ಕಟ್ಟಿ ಎಳೆಯುತ್ತಾರೆ. ದೊಡ್ಡ ಬೀದಿಯ ಸಾಹುಕಾರರ ಮಕ್ಕಳು ಒಬ್ಬರಾದ ಮೇಲೊಬ್ಬರು ಬೊಚ್ಚುಬಾಯಿ ಬಿಟ್ಟುಕೊಂಡೇ ಬೆಳೆದವರು. ಬೇಡವೆನ್ನುವ ಬಡವರ ಮನೆಯಲ್ಲಿ ಎಂಟು ವರ್ಷದ ಹುಡುಗನಿಗೂ ಅನ್ನ ಕಿವುಚಿ ಉಣಿಸುತ್ತಾರೆ, ಕಬ್ಬು ಮುಟ್ಟಲು ಬಿಡುವುದಿಲ್ಲ, ಜಾಲಿ ಚಕ್ಕೆ ಕುದಿಸಿದ ಒಗರು ನೀರಿನಲ್ಲಿ ಬಾಯಿ ಮುಕ್ಕಳಿಸು ಎಂದು ಬೆನ್ನು ಹತ್ತುತ್ತಾರೆ. ಬಾಣಂತಿಯಾಗಿ ತವರಿಗೆ ಹೋದವಳು ಕೂಸಿಗೆ ಹಲ್ಲು ಕಾಣಿಸಿಕೊಳ್ಳುವವರೆಗೆ ಗಂಡನ ಮನೆಯ ಹೊಸಿಲು ತುಳಿಯುವುದಿಲ್ಲ, ಹಲ್ಲಿಲ್ಲದ ಬಾಯಿ ಬಸಿರು ತಡೆಯುವುದಿಲ್ಲವಲ್ಲ. ಗಂಡಂದಿರು ಮಾವನ ಮನೆಯ ಜಗಲಿಯ ಮೇಲೆ ಕೂತು, ಕೂಸಿನ ಒಸಡು ಸವರಿ ನೋಡಿ, ಪೆಚ್ಚುಮೋರೆ ಹಾಕಿಕೊಂಡು ವಾಪಸು ಬರುವುದನ್ನು ನೋಡಿ ನಾವೆಲ್ಲ ನಕ್ಕಿದ್ದೇವೆ.

ನಗಲಾಗದ್ದೂ ಇದೆ. ಹಲ್ಲು ಬಂದ ಮೇಲೆ ತೀರಿಕೊಂಡ ಕೂಸನ್ನು ಹಾಗೇ ಮಣ್ಣಿಗೆ ಇಟ್ಟರೆ ಆ ತಾಯಿಗೆ ಮುಂದೆ ಮಕ್ಕಳಿಲ್ಲ. ಅಪ್ಪನಾದವನು ಸೊಂಟಕ್ಕೆ ಚಿಮ್ಮಟ ಸಿಕ್ಕಿಸಿಕೊಂಡೇ ಕೂಸನ್ನು ಹೊತ್ತು ಹೋಗುತ್ತಾನೆ. ಗುಂಡಿಯ ಪಕ್ಕ ಕೂತು ಆ ಕೆಲಸ ಮುಗಿಸಿ, ಆಮೇಲೆ ಮಣ್ಣು ಎಳೆಯುತ್ತಾನೆ. ನಮ್ಮಪ್ಪ ಹಾಗೆ ಎಷ್ಟೋ ಸಲ ಹೋಗಿ ಬಂದ. ನಮ್ಮವ್ವ ಕಾಳವ್ವ ಹೆತ್ತವರಲ್ಲಿ ಉಳಿದದ್ದು ಹಿರಿಯಳಾದ ನಾನು, ಕೊನೆಯವನಾದ ನನ್ನ ತಮ್ಮ ಬರಮಯ್ಯ, ಇಬ್ಬರೇ.

ನಾನು ಗಂಡ ಸತ್ತ ಮೇಲೆ ತವರಿಗೆ ಬಂದು ಕೂತವಳು. ಮಕ್ಕಳಿಲ್ಲ. ನನ್ನ ನಾಲಿಗೆ ಉದ್ದ ಎಂದು ಬೀದಿಯವರೆಲ್ಲ ಹೇಳುತ್ತಾರೆ, ಉದ್ದವಿಲ್ಲದಿದ್ದರೆ ನಮ್ಮವ್ವನ ಜೊತೆ ಒಂದೇ ಸೂರಿನಡಿ ಬಾಳಲು ಆಗುತ್ತಿತ್ತೇ? ಇಷ್ಟು ವರ್ಷ ಒಂದು ವಿಷಯದಲ್ಲಿ ಮಾತ್ರ ಆ ನಾಲಿಗೆಯನ್ನು ಕಟ್ಟಿಹಾಕಿಕೊಂಡು ಬಂದಿದ್ದೇನೆ. ನೀವು ನಮ್ಮೂರಿನವರಲ್ಲ, ನನ್ನ ತಮ್ಮನ ಮಗಳು ಹೊನ್ನಿಯ ಕಿವಿಗೆ ಇದು ಮುಟ್ಟುವುದಿಲ್ಲ ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ.

ನಮ್ಮದು ಗಂಟೆ ಎರಕ ಹೊಯ್ಯುವ ಮನೆ. ಮೊದಲು ಮೇಣದಲ್ಲಿ ಗಂಟೆ ಮಾಡಿ, ಅದಕ್ಕೆ ಮಣ್ಣು ಮೆತ್ತಿ ಒಣಗಿಸಿ, ಬೆಂಕಿಗಿಟ್ಟು ಮೇಣ ಕರಗಿಸಿ ಹೊರಗೆ ಬಿಟ್ಟು, ಆ ಖಾಲಿ ಜಾಗಕ್ಕೆ ಕಂಚು ಹೊಯ್ಯುತ್ತಾರೆ. ಮೇಣದ ಕೆಲಸ ಹೆಂಗಸರದು, ಕಂಚು ಕಾಯಿಸುವುದು ಹೊಯ್ಯುವುದು ಗಂಡಸರದು. ಕಂಚು ಕರಗಿಸುವ ಮೂಸೆಯನ್ನು ಹೆಂಗಸು ಮುಟ್ಟಿದರೆ ಗಂಟೆ ಮೂಕಾಗುತ್ತದೆಯಂತೆ. ಹಾಗಾಗಿ ಗಂಡುಮಗುವಿಲ್ಲದ ಎರಕದ ಮನೆ ಅಂದರೆ ಇವತ್ತಲ್ಲ ನಾಳೆ ಒಲೆ ಆರುವ ಮನೆ. ನಮ್ಮವ್ವನ ಎದೆಯಲ್ಲಿ ಕೂತಿದ್ದ ಭಯ ಅದು. ಅವಳನ್ನು ನಾನು ಬೈದದ್ದಕ್ಕೆ ಲೆಕ್ಕವಿಲ್ಲ, ಆದರೂ ಭಯ ಸುಳ್ಳಾಗಿರಲಿಲ್ಲ.

ತಮ್ಮನ ಹೆಂಡತಿ ಸಂಪಿಗವ್ವ ಮೂರು ಬೀದಿ ಆಚೆಯಿಂದ ಬಂದವಳು. ಸಣ್ಣ ಸೊಂಟದ, ಮೆಲುಮಾತಿನ ಹುಡುಗಿ. ಮೇಣದಲ್ಲಿ ಬಳ್ಳಿ ಎಳೆಯಲು ಕೂತರೆ ಊಟದ ನೆನಪಿರುತ್ತಿರಲಿಲ್ಲ. ಹೊನ್ನಿ ಹುಟ್ಟುವಾಗ ಅವಳು ಪಟ್ಟ ಪಾಡನ್ನು ಬಾಯಲ್ಲಿ ಹೇಳಬಾರದು. ಸೂಲಗಿತ್ತಿ ಮಾಯಕ್ಕ ಕೊನೆಗೆ ಹೊರಗೆ ಬಂದು ಹಿತ್ತಲ ಕಲ್ಲಿನ ಮೇಲೆ ಕುಕ್ಕರಿಸಿದಳು. ನಮ್ಮವ್ವ ಏನು ಮಗು ಎಂದು ಕೇಳಿದಳು. ಮಾಯಕ್ಕ ಹೆಣ್ಣು ಎಂದವಳೇ ಬರಮಯ್ಯನನ್ನು ಹತ್ತಿರ ಕರೆದು ಹೇಳಿದಳು: "ಇವಳು ಬದುಕಿದ್ದೇ ದೊಡ್ಡದು ಕಣಪ್ಪ. ಇನ್ನೊಂದು ಬಸಿರು ಈ ಮೈ ತಡಿಯಾಕಿಲ್ಲ. ಬಸಿರಾದ್ರೆ ಇವಳು ಉಳಿಯಾಕಿಲ್ಲ. ಕೂಸಿನ ಹಲ್ಲು ಕಾಪಾಡ್ಕಳಿ."

ಕಾಪಾಡಿಕೊಂಡರು. ಹೊನ್ನಿಯ ಹಲ್ಲನ್ನು ಕಾದ ಹಾಗೆ ನಮ್ಮೂರಲ್ಲಿ ಯಾರೂ ಯಾರ ಹಲ್ಲನ್ನೂ ಕಾದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಸಂಪಿಗವ್ವ ಮಗಳನ್ನು ಬಿಸಿಲಿಗೆ ಮುಖ ಮಾಡಿ ಕೂರಿಸಿ, ಒಂದೊಂದೇ ಹಲ್ಲನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದಳು. ಅತ್ತ ಎರಕದ ಮನೆಯಲ್ಲಿ ಬರಮಯ್ಯ ಒಲೆಗೆ ಗಾಳಿ ಊದುವ ತಿದಿ ನಿಂತಿರುತ್ತಿತ್ತು. "ಗಟ್ಟಿ" ಎಂದು ಇವಳು ಕೂಗಿ ಹೇಳಿದ ಮೇಲೆ ಅದು ಮತ್ತೆ ಉಸಿರಾಡುತ್ತಿತ್ತು. ಗಂಡ ಹೆಂಡಿರು ಅನ್ಯೋನ್ಯವಾಗಿದ್ದರು. ನಮ್ಮವ್ವ ಎದುರಿಗೇ ಗೊಣಗುತ್ತಿದ್ದಳು, ಹಿಂದಿನಿಂದ ಹಲ್ಲು ಅಲುಗಲಿ ಎಂದು ಮೊಮ್ಮಗಳ ಕೈಗೆ ಹುರಿಗಡಲೆ, ಕೋಡುಬಳೆ ತುರುಕುತ್ತಿದ್ದಳು. ಹೊನ್ನಿ ಅದನ್ನು ತಂದು ತಾಯಿಗೆ ಒಪ್ಪಿಸುತ್ತಿದ್ದಳು. ಒಂದು ಸಲ ನಾನು ತಡೆಯಲಾರದೆ ಅವ್ವನ ಬಾಯಿಗೇ ಆ ಕೋಡುಬಳೆ ಹಿಡಿದು, ನಿನಗಿರುವ ಎರಡು ಹಲ್ಲು ಬಿದ್ದರೆ ನೀನೇ ಹೆರಬಹುದಲ್ಲ ಅಂದೆ. ಒಂದು ವಾರ ಅವಳು ನನ್ನ ಕೈಯಿಂದ ನೀರು ಮುಟ್ಟಲಿಲ್ಲ.

ಮಗುವಿನ ಎದುರು ಯಾರೂ ಬಾಯಿ ಬಿಡಬಾರದಿತ್ತು. ಬಾವಿಕಟ್ಟೆಯ ಹೆಂಗಸರಿಗೆ ಅದು ಎಲ್ಲಿಯ ತಿಳಿವಳಿಕೆ? ಜೋಪಾನ ಕಣೆ ಹೊನ್ನಿ, ನಿನ್ನ ಹಲ್ಲು ಬಿದ್ದರೆ ನಿಮ್ಮವ್ವ ಹೋದಳು ಎಂದು ಕೆನ್ನೆ ತಟ್ಟಿ ಹೇಳಿದರು, ಅದೂ ಪ್ರೀತಿಯಿಂದಲೇ. ಅವತ್ತಿನಿಂದ ಆ ಹುಡುಗಿ ಓಡುವುದನ್ನು ಬಿಟ್ಟಳು. ಕುಂಟೆಬಿಲ್ಲೆಗೆ ಕರೆದರೆ ಹೋಗುತ್ತಿರಲಿಲ್ಲ. ಅನ್ನವನ್ನು ಅಗಿಯದೆ ನುಂಗುತ್ತಿದ್ದಳು. ಮಲಗಿದರೆ ಬಾಯಿಯ ಮೇಲೆ ಅಂಗೈ ಇಟ್ಟುಕೊಂಡು ಮಲಗುತ್ತಿದ್ದಳು. ಎಲ್ಲಾ ಬಿಟ್ಟು ಮೇಣದ ಮಣೆಯ ಮುಂದೆ ಕೂತು, ಗಂಟೆಯ ಕಂಠಕ್ಕೆ ಸಾಸಿವೆಯಷ್ಟು ಸಣ್ಣ ಮಣಿಗಳನ್ನು ಮಾಡಿ ಅಂಟಿಸುತ್ತಿದ್ದಳು. ಏಳು ವರ್ಷದ ಬೆರಳುಗಳವು. ದೊಡ್ಡವರ ಕೈಯಲ್ಲೂ ಅಂಥ ಕೆಲಸ ಬರುವುದಿಲ್ಲ ಎಂದು ಬರಮಯ್ಯ ಬೀಗುತ್ತಿದ್ದ. ಹೆತ್ತವಳ ಜೀವವನ್ನು ಬಾಯಲ್ಲಿಟ್ಟುಕೊಂಡು ಯಾವ ಮಗು ತಾನೇ ನಗುತ್ತದೆ?

ಆ ವರ್ಷದ ಬೇಸಿಗೆಯಲ್ಲಿ ಹೊನ್ನಿ ಬೆಳಿಗ್ಗೆ ಹಲ್ಲು ಮುಟ್ಟಿಸಿಕೊಳ್ಳಲು ಹಿಂಜರಿಯತೊಡಗಿದಳು. ಮುಟ್ಟಬೇಡ, ಒತ್ತಿದರೆ ನೋಯುತ್ತದೆ, ಬರೀ ನೋಡು ಎನ್ನುತ್ತಿದ್ದಳು. ಒತ್ತಿ ಒತ್ತಿಯೇ ಎಲ್ಲಿ ಸಡಿಲವಾದೀತೋ ಎಂದು ಸಂಪಿಗವ್ವನೂ ಹೆದರಿ ಬರೀ ನೋಡುತ್ತಿದ್ದಳು. ಹಲ್ಲುಗಳೆಲ್ಲ ಸಾಲಾಗಿ ಇದ್ದವು. ಗಟ್ಟಿ, ಎಂದು ಕೂಗುತ್ತಿದ್ದಳು. ತಿದಿ ಉಸಿರಾಡುತ್ತಿತ್ತು.

ಒಂದು ಮಧ್ಯಾಹ್ನ ನಾವಿಬ್ಬರೂ ಹಿತ್ತಲಲ್ಲಿ ಅಚ್ಚಿನ ಮಣ್ಣು ಜರಡಿ ಹಿಡಿಯುತ್ತಿದ್ದೆವು. ಸಂಪಿಗವ್ವ ಜರಡಿಯನ್ನು ಕೆಳಗಿಟ್ಟಳು. ಅವಳ ಮುಖ ಮಣ್ಣಿನ ಬಣ್ಣಕ್ಕೇ ತಿರುಗಿತ್ತು.

"ಅಕ್ಕಾ, ನಾನು ಮುಟ್ಟಾಗಿಲ್ಲ. ಬೆಳಿಗ್ಗೆ ಎದ್ದರೆ ವಾಂತಿ" ಅಂದಳು.

ನಾನು ಗದರಿದೆ. ಹಲ್ಲು ಅಷ್ಟೂ ಬಾಯಲ್ಲಿರುವಾಗ ಅದು ಹೇಗಾಗುತ್ತದೆ, ಪಿತ್ತ ಕೆದರಿರಬೇಕು, ಶುಂಠಿ ಕುಡಿ ಅಂದೆ. ಅವಳು ಮಗಳನ್ನು ಕರೆದಳು. ಹೊನ್ನಿ ಬಂದಳು. ಬಾಯಿ ತೆಗೆ ಎಂದಾಗ ತೆಗೆದಳು. ಮುಟ್ಟುತ್ತೇನೆ ಅಂದಾಗ ಮುಚ್ಚಿದಳು. ಸಂಪಿಗವ್ವ ಮಗಳನ್ನು ಮಂಡಿಗಳ ನಡುವೆ ಹಿಡಿದುಕೊಂಡು, ಕೆಳಗಿನ ಮುಂದಿನ ಹಲ್ಲಿಗೆ ಬೆರಳು ತಾಗಿಸಿದಳು. ಹಲ್ಲು ತಿರುಗಿತು. ತಿರುಗಿ, ಅಂಟಿದ್ದ ಮೇಣದ ಸಮೇತ ಅವಳ ಬೆರಳಿಗೆ ಬಂತು.

ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆಯುವುದು ಪದ್ಧತಿ. ಎಸೆಯುವವರೆಗೆ ಅದು ಬಿದ್ದ ಹಾಗಲ್ಲ ಎಂದು ವಾದ ಹೂಡುವ ಮುದುಕಿಯರು ನಮ್ಮೂರಲ್ಲಿ ಇದ್ದಾರೆ. ಅವರ ಮಾತು ಕೇಳಿ ಹಲ್ಲನ್ನು ಉಪ್ಪಿನ ಮಡಕೆಯಲ್ಲಿ ಬಚ್ಚಿಟ್ಟವರೂ ಇದ್ದಾರೆ. ಆಮೇಲೆ ಬಸಿರಾದಾಗ, ಇಲಿ ಕದ್ದು ಹೆಂಚಿಗೆ ಒಯ್ದಿತು ಎಂದು ಆಣೆ ಇಡುತ್ತಾರೆ. ಹೊನ್ನಿ ಆ ಮುದುಕಿಯರ ಮಾತನ್ನೇ ಎಲ್ಲೋ ಕೇಳಿಸಿಕೊಂಡಿದ್ದಳು. ಬಿದ್ದ ಹಲ್ಲನ್ನು ರಾಳ ಬೆರೆಸಿದ ಗಟ್ಟಿ ಮೇಣದಿಂದ ಅದರ ಜಾಗದಲ್ಲೇ ಕೂರಿಸಿ, ದಿನಾ ಯಾರೂ ಏಳುವ ಮೊದಲು ತಿದ್ದಿಕೊಳ್ಳುತ್ತಿದ್ದಳು. ಆ ಬೆರಳುಗಳು ಎಂಥವೆಂದು ಹೇಳಿದೆನಲ್ಲ.

"ಬೀಳ್ಲಿಲ್ಲ ಅವ್ವಾ" ಅಂದಳು ಮಗು. ಕಣ್ಣು ಇಷ್ಟಗಲ ಆಗಿತ್ತು. "ನಾನು ಬೀಳಾಕೆ ಬಿಡ್ಲಿಲ್ಲ. ಅಲ್ಲೇ ಇಟ್ಟೀನಿ. ನಿಂಗೇನೂ ಆಗಾಕಿಲ್ಲ ಅಲ್ವಾ?"

ಸಂಪಿಗವ್ವ ಅಂಗೈಯಲ್ಲಿದ್ದುದನ್ನು ನೋಡಿದಳು. ಆಮೇಲೆ ಮೇಣವನ್ನು ಬೆರಳ ತುದಿಯಲ್ಲಿ ಬೆಚ್ಚಗೆ ತಿಕ್ಕಿ ಮೆತ್ತಗೆ ಮಾಡಿ, ಹಲ್ಲನ್ನು ಮಗಳ ಬಾಯಲ್ಲಿ ಇದ್ದ ಜಾಗಕ್ಕೇ ಒತ್ತಿ ಕೂರಿಸಿದಳು.

"ಏನೂ ಆಗಾಕಿಲ್ಲ ಕಣವ್ವಾ. ಚೆನ್ನಾಗಿ ಇಟ್ಟಿದೀಯ. ಗಟ್ಟಿ ಐತೆ. ಹೋಗು, ಆಡ್ಕೋ ಹೋಗು."

ಆ ಮಗು ಓಡಿಹೋಯಿತು. ಎಷ್ಟೋ ದಿನದ ಮೇಲೆ ಅವಳು ಓಡಿದ್ದನ್ನು ಅವತ್ತು ನೋಡಿದೆ.

ಮರುದಿನವೇ ನಾನು ಸಂಪಿಗವ್ವನನ್ನು ಮಾಯಕ್ಕನ ಹತ್ತಿರ ಕರೆದುಕೊಂಡು ಹೋದೆ. ಬಸಿರು ತೆಗೆಯಲು ಬೇರು, ಕಷಾಯ ಎಲ್ಲ ಮಾಯಕ್ಕನಿಗೆ ಗೊತ್ತು. ಅವಳು ಹೊಟ್ಟೆ ಮುಟ್ಟಿ ನೋಡಿ, ಕಣ್ಣಿನ ರೆಪ್ಪೆ ಎಳೆದು ನೋಡಿದಳು. ಈ ಮೈಗೆ ಅದನ್ನು ಕೊಟ್ಟರೆ ಈ ವಾರವೇ ಹೋಗುತ್ತಾಳೆ, ಕೊಡದಿದ್ದರೆ ಹೆರಿಗೆಯವರೆಗಾದರೂ ಇರುತ್ತಾಳೆ, ನೀವೇ ಹೇಳಿ ಎಂದು ನನ್ನ ಕಡೆ ನೋಡಿದಳು. ನಾನು ಹೊರಗೆ ಬಂದು ಅವಳ ಬೇಲಿ ಹಿಡಿದುಕೊಂಡು ಅತ್ತೆ. ಸಂಪಿಗವ್ವ ಅಳಲಿಲ್ಲ. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬಳಿದ್ದಾಳೆ. ಚಿಕ್ಕವಳಿದ್ದಾಗ ಜೋಕಾಲಿಯಿಂದ ಬಿದ್ದು ಹಲ್ಲು ಉದುರಿಸಿಕೊಂಡವಳು. ಅವಳ ತಾಯಿಯೂ ಹೀಗೇ ಇನ್ನೊಂದು ಹೆರಿಗೆ ತಡೆಯದ ಮೈಯವಳು, ಹೋದಳು. ಅವತ್ತಿನಿಂದ ಅವಳನ್ನು ಯಾರೂ ಹೆಸರು ಹಿಡಿದು ಕರೆದಿಲ್ಲ. ತಾಯಿ ನುಂಗಿದವಳು ಎಂದೇ ಕರೆಯುತ್ತಾರೆ. ಅವಳಿಗೆ ಗಂಡು ಸಿಗಲಿಲ್ಲ, ಯಾರ ಮನೆಯ ಬಾಣಂತಿ ಕೋಣೆಗೂ ಅವಳನ್ನು ಬಿಟ್ಟುಕೊಳ್ಳುವುದಿಲ್ಲ. ಈಗ ತಲೆ ನರೆತಿದೆ, ಬಾಯಿಗೆ ಸೆರಗು ಅಡ್ಡ ಹಿಡಿಯದೆ ಮಾತಾಡುವುದಿಲ್ಲ. ಆ ದಿನ ಅವಳ ಮನೆ ದಾಟುವಾಗ ಸಂಪಿಗವ್ವ ನಿಂತುಬಿಟ್ಟಳು.

"ಅಕ್ಕಾ, ನಾನೇ ಒಂದು ಹಲ್ಲು ಕೀಳ್ತೀನಿ. ಎಲ್ಲರ ಎದುರಿಗೆ."

ನನಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಅಂಟಿಸಿದ ಹಲ್ಲು ಇದ್ದಲ್ಲೇ ಇರಲಿ. ಅದರ ಪಕ್ಕದ್ದು, ಗಟ್ಟಿಯಾಗಿರುವುದನ್ನೇ ಕೀಳುತ್ತಾಳೆ. ಹೊನ್ನಿಗೆ ತಾನಿಟ್ಟ ಹಲ್ಲು ಅಲುಗಲಿಲ್ಲ, ಅವ್ವನೇ ಬೇರೆ ಹಲ್ಲು ಕಿತ್ತು ಬಸಿರಾದಳು ಎಂದು ಗೊತ್ತಿದ್ದರೆ ಸಾಕು. ಬೀದಿಯವರಿಗೂ ಅಷ್ಟೇ ಗೊತ್ತಿರಲಿ.

ಬರಮಯ್ಯನಿಗಾದರೂ ನಿಜ ಹೇಳು ಅಂದೆ. ಅವನಿಗೆ ಹೇಳಿದರೆ ಅವನು ಮಗಳನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ, ಬೇಡ ಅಂದಳು. ಆ ಮಗು ನಿನ್ನನ್ನು ಹಗೆ ಮಾಡಿಕೊಳ್ಳುತ್ತದಲ್ಲೇ ಅಂದೆ.

"ಮಾಡ್ಕಳ್ಳಲಿ ಅಕ್ಕಾ. ನನ್ನ ಮೇಲೆ ಸಿಟ್ಟು ಮಾಡ್ಕಂಡು ಅವಳು ಉಣ್ತಾಳೆ, ನಿದ್ದೆ ಮಾಡ್ತಾಳೆ, ಮದುವೆ ಆಗ್ತಾಳೆ. ಇದು ಗೊತ್ತಾದ್ರೆ ಅವಳು ಬದುಕಾಕಿಲ್ಲ. ನೀನು ಯಾವತ್ತೂ ಹೇಳಬ್ಯಾಡ. ಅವಳು ಅತ್ತು ಕೇಳಿದ್ರೂ ಹೇಳಬ್ಯಾಡ. ನನ್ನ ಮೇಲಾಣೆ."

ಆಣೆಗೆ ಒಪ್ಪಿದೆ. ಅವಳ ಮುಖ ನೋಡಿದ್ದರೆ ನೀವೂ ಒಪ್ಪುತ್ತಿದ್ದಿರಿ.

ಸಂಪಿಗವ್ವ ಸಂತೆಯ ದಿನವನ್ನೇ ಆರಿಸಿಕೊಂಡಳು, ಬೀದಿ ತುಂಬ ಜನ ಇರುತ್ತಾರೆಂದು. ಜಗಲಿಯ ಮೇಲೆ ಮಗಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುವವಳ ಹಾಗೆ ಮಂಡಿಗಳ ನಡುವೆ ಹಿಡಿದಳು. ಗಟ್ಟಿ ಹಲ್ಲಿಗೆ ದಾರ ಸುತ್ತಿದಳು. ಹೊನ್ನಿಗೆ ಮೊದಲು ಗೊತ್ತಾಗಲಿಲ್ಲ, ಅವ್ವ ಏನೋ ಭದ್ರ ಮಾಡುತ್ತಿದ್ದಾಳೆ ಎಂದುಕೊಂಡು ಬಾಯಿ ಅಗಲವಾಗಿ ತೆರೆದು ಕೂತಿದ್ದಳು. ಒಂದೇ ಎಳೆತಕ್ಕೆ ಬರಲಿಲ್ಲ. ಗಟ್ಟಿ ಹಲ್ಲಲ್ಲವೇ, ಏಳು ವರ್ಷ ಕಾದ ಹಲ್ಲು. ಸಂಪಿಗವ್ವ ಒಂದು ಕೈಯಲ್ಲಿ ಮಗಳ ಗದ್ದ ಒತ್ತಿ ಹಿಡಿದು ಮತ್ತೆ ಎಳೆದಳು, ಮತ್ತೆ ಎಳೆದಳು. ಮಗು ಕಿರುಚಿದ್ದಕ್ಕೆ ಸಂತೆಗೆ ಹೊರಟವರೆಲ್ಲ ನಿಂತರು. ರಕ್ತ ಗದ್ದದಿಂದ ಇಳಿದು ಲಂಗದ ಮೇಲೆ ಬಿತ್ತು. ಬಂದ ಹಲ್ಲನ್ನು ಸಂಪಿಗವ್ವ ಮೇಲೆತ್ತಿ ಬೀದಿಗೆಲ್ಲ ಕಾಣುವ ಹಾಗೆ ಹಿಡಿದು, ಸಗಣಿಯಲ್ಲಿ ಸುತ್ತಿ ಹೆಂಚಿಗೆ ಎಸೆದಳು.

ನಮ್ಮವ್ವ ಒಳಗಿನಿಂದ ಬಂದವಳು ಕೈಮುಗಿದು ನಿಂತುಬಿಟ್ಟಳು. ಆಮೇಲೆ ಬೆಲ್ಲದ ಡಬ್ಬಿ ತಂದು ದಾರಿಹೋಕರಿಗೂ ಹಂಚಿದಳು. ಎರಕದ ಮನೆಯಿಂದ ಬರಮಯ್ಯ ಕೈಯಲ್ಲಿ ಮಣ್ಣು ಮೆತ್ತಿಕೊಂಡೇ ಓಡಿ ಬಂದ. ಮಗಳ ಬಾಯಿ ನೋಡಿದ, ಹೆಂಡತಿಯ ಕೈಯಲ್ಲಿದ್ದ ದಾರ ನೋಡಿದ.

"ಯಾಕೆ ಹಿಂಗೆ ಮಾಡ್ದೆ?" ಅಂದ.

"ನಂಗೆ ಗಂಡುಮಗ ಬೇಕು" ಅಂದಳು ಸಂಪಿಗವ್ವ. ಅವನಿಗಲ್ಲ, ಮಗಳನ್ನು ನೋಡಿಕೊಂಡು ಹೇಳಿದಳು.

ಬರಮಯ್ಯ ಅವತ್ತಿನಿಂದ ಅವಳ ಜೊತೆ ಮಾತು ಬಿಟ್ಟ. ಮೂಸೆಯ ಪಕ್ಕದಲ್ಲೇ ಚಾಪೆ ಹಾಸಿಕೊಂಡ. ಆಮೇಲೆ ಬಸಿರು ತಿಳಿದಾಗ, ಹಲ್ಲು ಕೀಳುವ ಹಿಂದಿನ ರಾತ್ರಿಯದೇ ನಿಂತಿತು ಎಂದುಕೊಂಡ. ಇಷ್ಟು ವರ್ಷ ತಾನು ಹೆದರಿ ಹೆದರಿ ಬಾಳಿದ್ದನ್ನೆಲ್ಲ ಒಂದು ದಾರದಲ್ಲಿ ಎಳೆದು ಎಸೆದಳಲ್ಲ ಎಂದು ನನ್ನ ಹತ್ತಿರ ಒಂದೇ ಸಲ ಹೇಳಿಕೊಂಡ. ನನ್ನ ನಾಲಿಗೆ ತುದಿಗೆ ಬಂದಿತ್ತು, ಕಚ್ಚಿಕೊಂಡೆ. ಹೊನ್ನಿ ತಾನು ಅಂಟಿಸಿಕೊಂಡಿದ್ದ ಹಲ್ಲನ್ನು ಆ ಸಂಜೆಯೇ ಕಿತ್ತು ಚರಂಡಿಗೆ ಬಿಸಾಡಿದಳು. ಇನ್ನು ಯಾರಿಗಾಗಿ ಇಟ್ಟುಕೊಳ್ಳಬೇಕು? ತಾಯಿಯ ಕೈಯಲ್ಲಿ ತಲೆ ಬಾಚಿಸಿಕೊಳ್ಳುತ್ತಿರಲಿಲ್ಲ, ತಾಯಿ ಬಡಿಸಿದರೆ ಉಣ್ಣುತ್ತಿರಲಿಲ್ಲ, ನನ್ನ ಮಗ್ಗುಲಿಗೆ ಬಂದು ಮಲಗುತ್ತಿದ್ದಳು. ಆದರೆ ಬೀದಿಯಲ್ಲಿ ಓಡುತ್ತಿದ್ದಳು. ಕುಂಟೆಬಿಲ್ಲೆ ಆಡುತ್ತಿದ್ದಳು, ಹುರಿಗಡಲೆಯನ್ನು ಕಟಕಟ ಅಗಿಯುತ್ತಿದ್ದಳು. ಆ ಸದ್ದಿಗೆ ಸಂಪಿಗವ್ವ ಕೈಯಲ್ಲಿನ ಕೆಲಸ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು.

ಬಸಿರಿನ ಹೆಂಗಸಿಗೆ ಮನೆಯಲ್ಲಿ ಮಾತಾಡಲು ಉಳಿದವರು ನಾನು ಮತ್ತು ನಮ್ಮವ್ವ. ಅವ್ವನ ಉಪಚಾರವೋ ಉಪಚಾರ. ತುಪ್ಪ, ಹಾಲು, ಬಯಕೆಯ ತಿಂಡಿ. ಏಳು ವರ್ಷ ಬೈದ ಬಾಯಲ್ಲಿ ನನ್ನ ಬಂಗಾರ, ಮನೆ ಬೆಳಗೋ ಸೊಸೆ ಎಂದು ಲೊಚಗುಟ್ಟುತ್ತಿದ್ದಳು. ಸಂಪಿಗವ್ವ ಕೊಟ್ಟದ್ದನ್ನೆಲ್ಲ ತಿಂದಳು. ತಿಂದರೆ ನೋವು ಬರುವವರೆಗೆ ಶಕ್ತಿ ಇರುತ್ತದೆ, ಅಷ್ಟು ದಿನ ಹೊನ್ನಿ ಆಡುವುದನ್ನು ನೋಡಬಹುದು ಅನ್ನುತ್ತಿದ್ದಳು.

ನೋವು ಬಂದದ್ದು ಎಣಿಸಿದ್ದಕ್ಕಿಂತ ಮೊದಲೇ ಎಂದು ಬೀದಿಯವರು ತಿಳಿದರು. ನಿಜದ ಎಣಿಕೆ ನನಗೆ ಗೊತ್ತಿತ್ತು. ಗಂಡು ಹುಟ್ಟಿತು, ಮೈತುಂಬಿಕೊಂಡು, ಜೋರು ಅಳುವಿನೊಂದಿಗೆ. ಮಾಯಕ್ಕ ಅದನ್ನು ನನ್ನ ಕೈಗೆ ಕೊಟ್ಟು, ಬಾಗಿಲು ತೆಗೆಸಿ, ನೋಡುವವರು ಬಂದು ನೋಡಿಕೊಳ್ಳಿ ಅಂದಳು. ಬರಮಯ್ಯ ಬಂದು ಹೆಂಡತಿಯ ಕಾಲು ಹಿಡಿದುಕೊಂಡು ಕೂತ. ಸಂಪಿಗವ್ವ ಹೊನ್ನಿ ಎಲ್ಲಿ ಅಂದಳು. ನಾನೇ ಹೋಗಿ ಎಳೆದುಕೊಂಡು ಬಂದೆ.

"ಎಲ್ಲಿ, ಬಾಯಿ ತೆಗಿ ಕಂದಾ. ಹೊಸ ಹಲ್ಲು ಬಂದೈತಾ ನೋಡ್ತೀನಿ."

ಹೊಸ ಹಲ್ಲು ಬಂದಿತ್ತು. ಆ ಎರಡು ಖಾಲಿ ಜಾಗದಲ್ಲಿ ಬೆಳ್ಳಗೆ ಎರಡೂ ಎದ್ದಿದ್ದವು, ಬೀದಿಯವರೆಲ್ಲ ನೋಡಿದ್ದರು. ಹೊನ್ನಿ ತುಟಿ ಬಿಗಿದುಕೊಂಡು ನಿಂತಳು. ತೆಗಿಯೇ ಎಂದು ನಾನು ಬೆನ್ನು ತಿವಿದೆ, ಬೇಡಿಕೊಂಡೆ. ತೆಗೆಯಲಿಲ್ಲ. ಸಂಪಿಗವ್ವ ಕೈ ಎತ್ತಿ ಮಗಳ ಗದ್ದ ಸವರಿ, ಬಿಡಕ್ಕಾ, ಹೋಗಲಿ, ಆಡಲಿ ಅಂದಳು. ಹೊತ್ತು ಮುಳುಗುವ ಮೊದಲು ಹೋದಳು.

ಇದಾಗಿ ಬಹಳ ವರ್ಷವಾಯಿತು. ನಮ್ಮವ್ವ ಮೊಮ್ಮಗನನ್ನು ಎತ್ತಿ ಆಡಿಸಿಯೇ ಕಣ್ಣು ಮುಚ್ಚಿದಳು. ಆ ಹುಡುಗ ಈಗ ಮೂಸೆ ಹಿಡಿಯುತ್ತಾನೆ, ಒಳ್ಳೆಯವನು. ಹೊನ್ನಿಗೆ ಒಳ್ಳೆಯ ಮನೆಯೇ ಸಿಕ್ಕಿತು. ಹೆಣ್ಣು ನೋಡಲು ಬಂದವರು, ಇವಳ ತಾಯಿ ಗಂಡಿನ ಆಸೆಗೆ ಪ್ರಾಣ ಕೊಟ್ಟವಳಂತೆ, ವಂಶದ ಚಿಂತೆಯಿದ್ದ ಹೆಂಗಸು ಎಂದು ಮೆಚ್ಚಿಕೊಂಡೇ ಒಪ್ಪಿದರು. ಈಗ ಅವಳಿಗೂ ಒಂದು ಹೆಣ್ಣುಮಗು ಇದೆ.

ಹೋದ ಹಿರಿಯರ ಹಬ್ಬಕ್ಕೆ ಹೊನ್ನಿ ಬಂದಿದ್ದಳು. ಸಂಪಿಗವ್ವನ ಹೆಸರಿನ ಸೀರೆ ಮಡಿಸಿಟ್ಟು, ಕುಂಕುಮ ಇಟ್ಟು, ಎಡೆಯ ಎಲೆ ಹಾಕಿದೆವು. ಬರಮಯ್ಯ ಅನ್ನ ಬಡಿಸಿದ, ನಾನು ಪಾಯಸ ಬಡಿಸಿದೆ. ಮಗಳಾದವಳು ಒಂದು ಹಿಡಿ ಇಡಬೇಕು. ಬಾ ಎಂದು ಕರೆದೆ. ಅವಳು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದಳು. ಮುಖ ಥೇಟು ಸಂಪಿಗವ್ವನದೇ.

"ನಾನು ಇಡಾಕಿಲ್ಲ ಅತ್ತೆ. ಎಷ್ಟು ಕಾಪಾಡಿದ್ದೆ ಗೊತ್ತಾ ನಾನು ಅವಳನ್ನ? ಬಾಯಿ ಬಿಟ್ಟು ನಗಲಿಲ್ಲ, ಆಡಲಿಲ್ಲ. ನನ್ನ ಹಿಡಿದು ಕೂರಿಸ್ಕಂಡು ಕಿತ್ತಳು." ಮಗುವನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು. "ನೀನು ಅವಳ ಜೊತೇಲೇ ಇದ್ದೆ. ನಿಜ ಹೇಳು. ಅವಳಿಗೆ ನಾನು ಸಾಲಲಿಲ್ಲ, ಅಲ್ವಾ?"

ಪಾಯಸದ ಸೌಟು ನನ್ನ ಕೈಯಲ್ಲೇ ಇತ್ತು. ಎಲೆಯನ್ನು ನೋಡಿದೆ, ಸೀರೆಯನ್ನು ನೋಡಿದೆ.

"ಹೂಂ ಕಣವ್ವಾ, ಸಾಲಲಿಲ್ಲ" ಅಂದೆ.